ಓದುಗರ ಪ್ರಶ್ನೆ, ನಮ್ಮ ಉತ್ತರ: ನಗೆಗೂ ಪಕ್ಷ ಇರತೈತೇನು?

ಜಾತ್ರೆ ನಾಟಕ, ಪಾರಿಜಾತ, ಗೀಗೀ ಮೇಳಗಳ ಹಾಸ್ಯಕ್ಕೂ ರಾಜಕೀಯ ಒಲವಿಗೂ ಇರುವ ನಂಟಿನ ಬಗ್ಗೆ ಬಂದ ಪತ್ರಗಳನ್ನು ಈ ಸಲ ಎತ್ತಿಕೊಂಡಿದ್ದೇವೆ.

ನಮ್ಮೂರ ಜಾತ್ರಿ ನಾಟಕದಾಗ ಒಬ್ಬ ರಾಜಕಾರಣಿ ಮ್ಯಾಲಿನ ಹಾಸ್ಯಕ್ಕ ಮಂದಿ ಬಿದ್ದು ಬಿದ್ದು ನಕ್ಕರು. ನಾಕು ದಿನ ಬಿಟ್ಟು ಬಾಜೂ ಊರಾಗ ಅದ ಮಾತಿಗೆ ಯಾರೂ ನಗಲಿಲ್ಲ, ಕೆಲವರು ಎದ್ದು ಹೋದರು. ಮಾತು ಅದ, ನಟ ಅವನ. ಹಿಂಗ್ಯಾಕ?
(ಓದುಗರು, ಮೂಡಲಗಿ)

ಒಬ್ಬರನ್ನು ಕೆಣಕುವ ಮಾತು ಕಿವಿಗೆ ಬಿದ್ದ ಕೂಡಲೇ ಮನಸ್ಸು ಮೊದಲು ಹುಡುಕುವುದು ಪೆಟ್ಟು ಯಾರಿಗೆ ಬಿತ್ತು ಎಂಬುದನ್ನು. ಮಾತಿನ ಚಂದ ಆಮೇಲಿನದು. ಜಿಲ್‌ಮನ್ ಮತ್ತು ಕ್ಯಾಂಟರ್ ಎಂಬ ಇಬ್ಬರು ಸಂಶೋಧಕರು 1970ರ ದಶಕದಲ್ಲಿ ಇದನ್ನೇ ಪ್ರಯೋಗ ಮಾಡಿ ತೋರಿಸಿದರು. ನಮಗೆ ಆಗದವರು ಸೋತರೆ ನಗು ಉಕ್ಕುತ್ತದೆ, ನಮ್ಮವರು ಸೋತರೆ ಅದೇ ಮಾತು ಸಪ್ಪೆ ಅನ್ನಿಸುತ್ತದೆ. ನಿಮ್ಮ ಎರಡು ಊರುಗಳ ನಡುವೆ ಬದಲಾದದ್ದು ಆ ರಾಜಕಾರಣಿಯನ್ನು 'ನಮ್ಮವ' ಎನ್ನುವವರ ಸಂಖ್ಯೆ.

ಇನ್ನೊಂದು ಕಾರಣ ಮುಂದಿನ ಸಾಲಿನಲ್ಲಿ ಕುಳಿತಿರುತ್ತದೆ. ದೇಣಿಗೆ ಕೊಟ್ಟವರು, ಉದ್ಘಾಟನೆಗೆ ಬಂದವರು ಅಲ್ಲಿರುತ್ತಾರೆ. ಹಿಂದಿನವರಿಗೆ ನಗಬೇಕೆನಿಸಿದರೂ ಅವರ ಮುಖ ನೋಡಿ ತಡೆದುಕೊಳ್ಳುತ್ತಾರೆ. ಆದ್ದರಿಂದ ಪರದೆ ಎದ್ದ ಮೊದಲ ಕಾಲು ತಾಸು ರಾಜಕೀಯ ಮುಟ್ಟಬೇಡಿ. ಗಂಡ-ಹೆಂಡತಿ ಜಗಳ, ಸಾಲಗಾರ, ಕಳ್ಳ ಆಳು, ಇಂಥವನ್ನು ಮೊದಲು ತನ್ನಿ. ಎಲ್ಲರೂ ಕೂಡಿ ಎರಡು ಸಲ ನಕ್ಕ ಮೇಲೆ ಮೂರನೆಯ ಸಲ ನಗಲು ಮಂದಿಗೆ ಧೈರ್ಯ ಬಂದಿರುತ್ತದೆ.

ರಾಮದುರ್ಗ ತಾಲ್ಲೂಕಿನ ಹುಲಕುಂದದ ಭೀಮಕವಿ ಸ್ವಾತಂತ್ರ್ಯ ಹೋರಾಟದ ಕಾಲಕ್ಕೆ ಗೀಗೀ ಪದ ಕಟ್ಟಿದರಲ್ಲ, ಆಗ ಪೆಟ್ಟು ತಿನ್ನುವ ಬ್ರಿಟಿಷ್ ಸರಕಾರ ಕೇಳುಗರ ಪೈಕಿ ಇರಲಿಲ್ಲ. ಇಂದು ಪೆಟ್ಟು ತಿನ್ನುವವನ ಬೀಗರು, ಗೆಳೆಯರು, ಓಟು ಹಾಕಿದವರು ಅದೇ ಚಾಪೆಯ ಮೇಲಿರುತ್ತಾರೆ. ಇದಕ್ಕೆ ಹರದೇಶಿ-ನಾಗೇಶಿ ಮೇಳಗಳಲ್ಲಿ ಒಳ್ಳೆಯ ದಾರಿ ಇದೆ. ಒಂದು ಮೇಳ ಗಂಡು ಹೆಚ್ಚು ಅನ್ನುತ್ತದೆ, ಇನ್ನೊಂದು ಹೆಣ್ಣು ಹೆಚ್ಚು ಅನ್ನುತ್ತದೆ, ಸವಾಲ್-ಜವಾಬ್ ಬೆಳತನಕ ನಡೆಯುತ್ತದೆ. ತನ್ನ ಕಡೆಗೆ ಪೆಟ್ಟು ಬಿದ್ದಾಗಲೂ ಕೇಳುಗ ಎದ್ದು ಹೋಗುವುದಿಲ್ಲ, ಯಾಕೆಂದರೆ ಜವಾಬು ಬರುವುದಿದೆ. ನಿಮ್ಮ ನಾಟಕದಲ್ಲಿಯೂ ಪೆಟ್ಟು ತಿಂದ ಪಾತ್ರಕ್ಕೆ ಮರುಮಾತು ಕೊಡಿ, ಅದು ಗಟ್ಟಿ ಮಾತೇ ಆಗಿರಲಿ. ಆ ಪಕ್ಷಕ್ಕೊಂದು, ಈ ಪಕ್ಷಕ್ಕೊಂದು ಎಂದು ತಕ್ಕಡಿ ಹಿಡಿದು ಹಾಸ್ಯ ಹಂಚುವುದು ಬೇಡ. ಹಾಗೆ ಹಂಚಿದ್ದು ಮಂದಿಗೆ ಗೊತ್ತಾಗುತ್ತದೆ, ಎರಡೂ ಸಪ್ಪೆಯಾಗುತ್ತವೆ.

ಎಡಪಂಥದವರಿಗೆ ಹಾಸ್ಯಪ್ರಜ್ಞೆ ಜಾಸ್ತಿ, ಬಲಪಂಥದವರಿಗೆ ಕಡಿಮೆ ಅಂತ ಕಾಲೇಜಿನಾಗ ಗೆಳೆಯರು ವಾದಸ್ತಾರ. ಆಧಾರ ಐತೇನ್ರಿ?
(ಪದವಿ ವಿದ್ಯಾರ್ಥಿನಿ, ಜಮಖಂಡಿ)

ಹಾಗೆ ಹೇಳಲು ಆಧಾರವಿಲ್ಲ. ಸಂಶೋಧನೆಗಳಲ್ಲಿ ಕಾಣುವುದು ರುಚಿಯ ವ್ಯತ್ಯಾಸ. ವಿಲ್ಲಿಬಾಲ್ಡ್ ರುಖ್ ಎಂಬ ಮನೋವಿಜ್ಞಾನಿ 1980ರ ದಶಕದಿಂದ ಹಾಸ್ಯವನ್ನು ವಿಂಗಡಿಸಿ ಪರೀಕ್ಷಿಸಿದರು. ಒಂದು ಬಗೆಯಲ್ಲಿ ಒಗಟಿನ ಹಾಗೆ ಗಂಟು ಬಿದ್ದು ಕೊನೆಗೆ ಬಿಚ್ಚುತ್ತದೆ. ಇನ್ನೊಂದರಲ್ಲಿ ಗಂಟು ಬಿಚ್ಚುವುದೇ ಇಲ್ಲ, ಅಸಂಬದ್ಧವೇ ಅದರ ಮಜಾ. ಸಂಪ್ರದಾಯದ ಕಡೆ ಒಲವಿದ್ದವರು ಮೊದಲನೆಯದನ್ನು ಹೆಚ್ಚು ಮೆಚ್ಚಿದರು, ಎರಡನೆಯದನ್ನು ಅಷ್ಟಾಗಿ ಮೆಚ್ಚಲಿಲ್ಲ. ಇದರಿಂದ ಯಾರಿಗೆ ನಗೆ ಜಾಸ್ತಿ ಎಂದು ಹೇಳಲಾಗದು.

ವ್ಯಂಗ್ಯದ ವಿಷಯ ಇದಕ್ಕಿಂತ ಗಂಭೀರ. ಅಮೆರಿಕದಲ್ಲಿ ಸ್ಟೀಫನ್ ಕೋಲ್ಬೇರ್ ಎಂಬ ಹಾಸ್ಯಗಾರ ಬಲಪಂಥದ ಟಿವಿ ನಿರೂಪಕನ ವೇಷ ಹಾಕಿ ಅಂಥವರನ್ನೇ ಅಣಕಿಸುತ್ತಿದ್ದ. 2009ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಎರಡೂ ಕಡೆಯವರಿಗೆ ಅವನು ಅಷ್ಟೇ ತಮಾಷೆಯಾಗಿ ಕಂಡಿದ್ದ. ಉದಾರವಾದಿಗಳು ಇದು ಅಣಕ ಎಂದುಕೊಂಡರು. ಅವನು ಹಾಸ್ಯದ ನೆಪದಲ್ಲಿ ಮನಸ್ಸಿನಲ್ಲಿದ್ದುದನ್ನೇ ಹೇಳುತ್ತಿದ್ದಾನೆ ಎಂದುಕೊಳ್ಳುವ ಒಲವು ಸಂಪ್ರದಾಯವಾದಿಗಳಲ್ಲಿ ಹೆಚ್ಚಿತ್ತು. 1974ರ ಇನ್ನೊಂದು ಅಧ್ಯಯನ ಆರ್ಚಿ ಬಂಕರ್ ಎಂಬ ಟಿವಿ ಪಾತ್ರದ್ದು. ಜನಾಂಗದ್ವೇಷವನ್ನು ನಗೆಗೀಡು ಮಾಡಲೆಂದೇ ಕಟ್ಟಿದ ಪಾತ್ರವನ್ನು ಪೂರ್ವಗ್ರಹ ಹೆಚ್ಚಿದ್ದ ನೋಡುಗರು ಮೆಚ್ಚಿಕೊಂಡರು, ವಾದದಲ್ಲಿ ಗೆದ್ದವನು ಅವನೇ ಎಂದರು.

ಲಂಚಕೋರನ ಪಾತ್ರ ಬರೆಯುವವರು ಇದನ್ನು ಮರೆಯಬಾರದು. ಅವನಿಗೆ ಚಂದದ ಸಂಭಾಷಣೆ, ಒಳ್ಳೆಯ ಜರಿ ಪಟಗಾ, ಸಿಳ್ಳೆ ಬೀಳುವ ಪ್ರವೇಶ ಕೊಟ್ಟು ಕೊನೆಯಲ್ಲಿ ಎರಡು ಮಾತು ಬೈದರೆ ಮಂದಿ ಮನೆಗೊಯ್ಯುವುದು ಅವನ ಸಂಭಾಷಣೆಯನ್ನೇ. ಅವನು ರಂಗದ ಮೇಲೆ, ಎಲ್ಲರ ಕಣ್ಣೆದುರು, ತನ್ನ ಕೈಯಾರೆ ಮಾಡಿದ್ದಕ್ಕೇ ಏನಾದರೂ ಕಳೆದುಕೊಳ್ಳಬೇಕು.

ಎಡ-ಬಲ ಎಂಬ ಅಮೆರಿಕದ ಅಳತೆ ನಮ್ಮ ಊರುಗಳಿಗೆ ಸರಿಯಾಗಿ ಕೂಡುವುದೂ ಇಲ್ಲ. ಇಲ್ಲಿ ಓಟಿನಲ್ಲಿ ಜಾತಿ, ಮನೆತನ, ಕಾಲುವೆ ನೀರು, ಕಬ್ಬಿನ ದರ ಎಲ್ಲ ಸೇರಿರುತ್ತವೆ.

ಜಾತ್ರಿಗೆ ಹತ್ತು ನಿಮಿಷದ ರಾಜಕೀಯ ಹಾಸ್ಯ ಬರೀಬೇಕು. ಯಾರ ಹೆಸರೂ ಹೇಳದ ನಗಸೂದು ಹೆಂಗ?
(ಶಿಕ್ಷಕರು, ಇಂಡಿ)

ಶ್ರೀಕೃಷ್ಣ ಪಾರಿಜಾತದ ದೂತಿಯನ್ನು ನೋಡಿ ಕಲಿಯಿರಿ. ಅವಳು ರಾಣಿಯ ಆಳು, ಆದರೂ ರಾಣಿಯನ್ನು ಕೆಣಕುತ್ತಾಳೆ. ಭಾಗವತ ಕೇಳುತ್ತಾನೆ, ಅವಳು ಉತ್ತರಿಸುತ್ತಾಳೆ, ಆ ಉತ್ತರದಲ್ಲಿ ದ್ವಾರಕೆಯ ಮಾತಿನ ನಡುವೆ ಊರಿನ ಮಾತು ನುಸುಳುತ್ತದೆ. ಈ ಚೌಕಟ್ಟಿನಲ್ಲಿ ಒಂದು ತುಣುಕು ಬರೆದು ನೋಡೋಣ:

ಭಾಗವತ: ಯಾಕ ದೂತಿ, ಮಾರಿ ಸಣ್ಣದ ಮಾಡೀದಿ?
ದೂತಿ: ಕಬ್ಬ ಕಳಿಸಿ ಬಂದೇನ್ರಿ ಎಪ್ಪಾ.
ಭಾಗವತ: ಅದಕ್ಯಾಕ ಚಿಂತಿ? ಹದಿನಾಕ ದಿನದಾಗ ಬಿಲ್ಲ ಕೊಡಬೇಕಂತ ಕಾನೂನ ಐತಿ.
ದೂತಿ: ಕೊಡತಾರ್ರಿ, ಹದಿನಾಕ ದಿನದಾಗ ಖರೇನ ಕೊಡತಾರ. ಲೆಕ್ಕಾ ಹಿಡಿಯೂದು ಮಾತ್ರ ದೇವಲೋಕದ್ದು.

ದೇವತೆಗಳ ಒಂದು ದಿನ ಮನುಷ್ಯರಿಗೆ ಒಂದು ವರ್ಷ. ಪುರಾಣ ಕೇಳಿದ ಮಂದಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಾನೂನಿನ ಮಾತು ಮಾತ್ರ ಎಲ್ಲರಿಗೂ ಗೊತ್ತಿರಲಿಕ್ಕಿಲ್ಲ, ಅದಕ್ಕೇ ಅದನ್ನು ಭಾಗವತನ ಬಾಯಲ್ಲಿ ಮೊದಲೇ ಇಟ್ಟಿದ್ದೇವೆ. ಅದು ಬರೆಯುವವನ ಕಲ್ಪನೆಯೂ ಅಲ್ಲ: 1966ರ ಕಬ್ಬು ನಿಯಂತ್ರಣ ಆದೇಶದಂತೆ ಸಕ್ಕರೆ ಕಾರ್ಖಾನೆಯವರು ಕಬ್ಬು ಕಳಿಸಿದ ರೈತನಿಗೆ 14 ದಿನದೊಳಗೆ ಹಣ ಕೊಡಬೇಕು, ತಪ್ಪಿದರೆ ವರ್ಷಕ್ಕೆ ಶೇ. 15 ಬಡ್ಡಿ. ವಿಷಯ ಖರೆ ಇದ್ದರೆ ಯಾವ ಪಕ್ಷದವನೂ ಅಲ್ಲಗಳೆಯಲಾರ.

'ದೇವಲೋಕದ್ದು' ಎಂಬುದು ಕಟ್ಟಕಡೆಯ ಪದವಾಗಿಯೇ ಇರಬೇಕು. ಅದರ ಹಿಂದೆ 'ಅಂತಾರ ನೋಡ್ರಿ' ಎಂದು ಬಾಲ ಹಚ್ಚಿದರೆ ಏಳುವ ನಗು ಆ ಬಾಲದ ಕೆಳಗೆ ಸಿಕ್ಕಿ ಸಾಯುತ್ತದೆ. ತಬಲಾದವರು ಪೆಟ್ಟು ಹಾಕುವುದಾದರೆ ನಗು ಎದ್ದ ಮೇಲೆ ಹಾಕಲಿ, ಪದದ ಮೇಲೆಯೇ ಬಿದ್ದರೆ ಹಿಂದಿನವರಿಗೆ ಕೇಳುವುದು ತಬಲಾ ಮಾತ್ರ. ಬಯಲಲ್ಲಿ ಸ್ಪೀಕರಿನಿಂದ 70 ಮೀಟರ್ ದೂರ ಕುಳಿತವನಿಗೆ ಮಾತು ಸುಮಾರು 0.2 ಸೆಕೆಂಡ್ ತಡವಾಗಿ ಮುಟ್ಟುತ್ತದೆ, ಅವನ ನಗು ರಂಗಕ್ಕೆ ಮರಳಲು ಅಷ್ಟೇ ಹೊತ್ತು ಬೇಕು. ಹೀಗಾಗಿ ನಗು ಎರಡು ಅಲೆಯಾಗಿ ಬರುತ್ತದೆ. ಎರಡನೆಯ ಅಲೆ ಇಳಿಯತೊಡಗಿದಾಗ ಮುಂದಿನ ಮಾತು ಎತ್ತಬೇಕು.

ಹತ್ತು ನಿಮಿಷಕ್ಕೆ ಇಂಥ ಐದಾರು ತಿರುವು ಸಾಕು. ಹೆಚ್ಚಿನ ಕಡೆ ಕೆಡುವುದು ಬರವಣಿಗೆಯಲ್ಲಲ್ಲ, ಆಟದ ದಿನ. ನಗು ಬಿದ್ದ ಹುರುಪಿನಲ್ಲಿ ನಟ ಯಾವುದೋ ಸಾಹೇಬರ ಹೆಸರು ಸೇರಿಸಿಬಿಡುತ್ತಾನೆ. ಆ ಕ್ಷಣಕ್ಕೆ ಅರ್ಧ ಮಂದಿ ಬಿಲ್ಲು ಮರೆತು ಪಕ್ಷ ಹಿಡಿಯುತ್ತಾರೆ. ಬಾಕಿ ಬರಬೇಕಾದ ರೈತ ಆ ಪಕ್ಷದಲ್ಲೂ ಇದ್ದಾನೆ, ಈ ಪಕ್ಷದಲ್ಲೂ ಇದ್ದಾನೆ. ಅವರಿಬ್ಬರೂ ಕೂಡಿ ನಗುವ ಅವಕಾಶ ಒಂದು ಹೆಸರಿನಿಂದ ತಪ್ಪಿಹೋಗುತ್ತದೆ.

ನಾಯಕರ ಮಿಮಿಕ್ರಿ ಮಾಡಬಹುದೇನ್ರಿ?
(ಬಾಗಲಕೋಟೆ)

ಮಾಡಿ. ಭಾಷಣದ ಧಾಟಿ, ಕೊಟ್ಟ ಮಾತು, ಮರೆತ ಮಾತು ಎಲ್ಲ ನಿಮ್ಮ ಸರಕು. ಕುಂಟು, ತೊದಲು, ಮೈಬಣ್ಣ, ಜಾತಿ ಬೇಡ. ಅವು ನಾಯಕನನ್ನು ದಾಟಿ, ಮುಂದೆ ಕುಳಿತ ಅಂಥದೇ ಮಂದಿಗೆ ಬಡಿಯುತ್ತವೆ. ಬೆಳಗಾವಿ ಕಡೆ ಆಡುವವರಿಗೆ ಇನ್ನೊಂದು ಮಾತು: ಕನ್ನಡದ ಶ್ಲೇಷೆ ಮರಾಠಿ ಮನೆಮಾತಿನವರಿಗೆ ದಾಟುವುದಿಲ್ಲ, ತಮಗೆ ತಿಳಿಯದ ನಗು ತಮ್ಮ ಮೇಲಿನದೇ ಎಂಬ ಸಂಶಯ ಹುಟ್ಟುತ್ತದೆ. ಅಲ್ಲಿ ಮಾತಿಗಿಂತ ಆಂಗಿಕದ ಹಾಸ್ಯ ನಂಬಿ.

ಚುನಾವಣೆ ಟೈಮಿನಾಗ ಇಂಥಾ ನಾಟಕ ಆಡಿದ್ರ ಕೇಸ್ ಆಗತೈತೇನು?
(ಕಲಾತಂಡದವರು, ವಿಜಯಪುರ)

ಮತದಾನ ಮುಗಿಯುವ ಹೊತ್ತಿಗೆ ಹಿಂದಿನ 48 ತಾಸು ಎಚ್ಚರದಿಂದಿರಿ. 1951ರ ಜನಪ್ರಾತಿನಿಧ್ಯ ಕಾಯ್ದೆಯ 126ನೇ ಕಲಂ ಆ ಅವಧಿಯಲ್ಲಿ ನಾಟಕ, ಸಂಗೀತ, ಮನರಂಜನೆಯಿಂದ ಜನ ಸೇರಿಸಿ ಚುನಾವಣೆಯ ವಿಷಯ ಹರಡುವುದನ್ನು ನಿಷೇಧಿಸಿದೆ. ಶಿಕ್ಷೆ ಎರಡು ವರ್ಷದವರೆಗೆ ಜೈಲು, ಇಲ್ಲವೆ ದಂಡ, ಇಲ್ಲವೆ ಎರಡೂ. ಮಾನಹಾನಿ ಈಗ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಲ್ಲಿದೆ. ಸಾರ್ವಜನಿಕ ಸೇವಕರ ಅಧಿಕಾರದ ಕೆಲಸದ ಬಗ್ಗೆ ಸದ್ಭಾವನೆಯಿಂದ ಆಡಿದ ಅಭಿಪ್ರಾಯಕ್ಕೆ ಅದರಲ್ಲಿ ವಿನಾಯಿತಿ ಉಂಟು. ಮನೆತನದ ಗುಟ್ಟು, ನಡತೆಯ ಮೇಲಿನ ಕಟ್ಟುಕತೆಗೆ ಆ ವಿನಾಯಿತಿ ಸಿಗದು. ಧ್ವನಿವರ್ಧಕಕ್ಕೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ನಿರ್ಬಂಧ ಇದೆ. ಆಡಿಸುವ ಪಠ್ಯದ ಒಂದು ಪ್ರತಿಗೆ ತಂಡದವರೆಲ್ಲ ಸಹಿ ಹಾಕಿ ಇಟ್ಟುಕೊಂಡಿರಿ. ನಾಳೆ ದೂರು ಬಂದರೆ, ಬರೆದದ್ದು ಯಾವುದು, ನಟ ರಂಗದ ಮೇಲೆ ಸೇರಿಸಿದ್ದು ಯಾವುದು ಎಂದು ತೋರಿಸಲು ಅದು ಬೇಕಾಗುತ್ತದೆ.