ಗೇಮ್‌ನಲ್ಲಿ ಸುಮ್ನೆ ನಿಂತು ಬೆಟ್ಟ ನೋಡಿದರೆ ತಪ್ಪಾ?

ಪ್ರಶ್ನೆ: ಸರ್, ನಾನು ಡಿಗ್ರಿ ಎರಡನೇ ವರ್ಷ ಓದುತ್ತಿದ್ದೇನೆ. ರಜೆಯಲ್ಲಿ ರೆಡ್ ಡೆಡ್ ರಿಡೆಂಪ್ಷನ್ 2 ಅನ್ನುವ ವಿಡಿಯೊ ಗೇಮ್ ಶುರು ಮಾಡಿದೆ. ಗೆಳೆಯರೆಲ್ಲ ಕಥೆ ಮುಗಿಸಿದರು. ನಾನಿನ್ನೂ ಎರಡನೇ ಅಧ್ಯಾಯದಲ್ಲೇ ಇದ್ದೇನೆ, ಕುದುರೆ ನಿಲ್ಲಿಸಿ ಬೆಟ್ಟ, ಹೊಳೆ ನೋಡುತ್ತಾ ಕೂರುತ್ತೇನೆ. ‘ಬೆಟ್ಟ ನೋಡೋಕೆ ಗೇಮ್ ಯಾಕೆ, ಮನೆ ಬಾಗಿಲು ತೆಗೆದರೆ ಸಾಕಲ್ವಾ’ ಅಂತ ಅವರು ನಗುತ್ತಾರೆ. ನಾನು ಟೈಮ್ ವೇಸ್ಟ್ ಮಾಡುತ್ತಿದ್ದೇನಾ?
– ಓದುಗ, ಸೋಮವಾರಪೇಟೆ

ಉತ್ತರ: ಖಂಡಿತ ಇಲ್ಲ. ಆ ಗೇಮ್ ಆಡಬೇಕಾದದ್ದೇ ಹಾಗೆ. ಎರಡನೇ ಅಧ್ಯಾಯದ ಬಿಡಾರ ನೋಡಿ, ಬಂಡೆಯ ಅಂಚಿನಲ್ಲಿದೆ, ಕೆಳಗೆ ಹೊಳೆ. ತಲೆ ಮರೆಸಿಕೊಂಡ ಕಳ್ಳರ ಗುಂಪಿಗೆ ಮರಗಳ ನಡುವೆ ಎಲ್ಲೋ ಒಂದು ಮೂಲೆ ಕೊಟ್ಟಿದ್ದರೂ ಕಥೆ ನಡೆಯುತ್ತಿತ್ತು, ಆದರೆ ಬೆಳಿಗ್ಗೆ ಎದ್ದು ಕಾಫಿ ಹಿಡಿದು ಆ ಅಂಚಿಗೆ ಬಂದು ನಿಲ್ಲಲಿ ಅಂತಲೇ ಅಲ್ಲಿ ಹಾಕಿದ್ದಾರೆ ಅಂತ ನನಗೆ ಅನಿಸುತ್ತದೆ. ಮಳೆಯಲ್ಲಿ ಓಡಿಸಿ ಬಂದ ಮೇಲೆ ಕುದುರೆಯನ್ನು ಹತ್ತಿರದಿಂದ ನೋಡಿದ್ದೀರಾ? ಕಾಲಿಗೆ, ಹೊಟ್ಟೆಗೆ ಕೆಸರು ಅಂಟಿರುತ್ತದೆ. ಬ್ರಷ್ ಹಾಕಿ ಉಜ್ಜಬಹುದು, ಹೊಳೆಗೆ ಇಳಿಸಿದರೂ ಹೋಗುತ್ತದೆ. ಯಾರೋ ಕೂತು ಅಷ್ಟು ಆಸ್ಥೆಯಿಂದ ಮಾಡಿದ್ದನ್ನು ನೀವು ನಿಂತು ನೋಡುತ್ತಿದ್ದೀರಿ, ಅಷ್ಟೇ.

ಒಂದು ಕೆಲಸ ಮಾಡಿ. ಸೆಟ್ಟಿಂಗ್ಸ್‌ಗೆ ಹೋಗಿ ಮೂಲೆಯಲ್ಲಿರುವ ಸಣ್ಣ ಮ್ಯಾಪ್ ಆಫ್ ಮಾಡಿ. ಮೊದಮೊದಲು ನಾನೂ ಎರಡು ಗಂಟೆ ಆಡಿ ಎದ್ದರೆ ದಾರಿಯಲ್ಲಿ ಯಾವ ಮರ ಇತ್ತು ಅಂತ ಒಂದೂ ನೆನಪಾಗುತ್ತಿರಲಿಲ್ಲ, ಯಾಕೆಂದರೆ ಕಣ್ಣು ಪೂರ್ತಿ ಆ ಮೂಲೆಯ ಮ್ಯಾಪ್‌ನಲ್ಲಿ ದಾರಿ ತೋರಿಸುವ ಗೆರೆಯ ಮೇಲೇ ಇತ್ತು. ಮ್ಯಾಪ್ ತೆಗೆದ ಮೇಲೆ ರೈಲು ಹಳಿ, ಹೊಳೆಯ ತಿರುವು, ಒಂಟಿ ಮನೆ ಇವೇ ಗುರುತಾದವು. ಮಿಷನ್, ಅಂದರೆ ಕಥೆಯಲ್ಲಿ ಕೊಟ್ಟ ಕೆಲಸ ಇದ್ದಾಗ ಬೇಕಾದರೆ ಮತ್ತೆ ಹಾಕಿಕೊಳ್ಳಿ. 2020ರಲ್ಲಿ ಬಂದ ಘೋಸ್ಟ್ ಆಫ್ ಸುಶಿಮಾದಲ್ಲಂತೂ ಆ ಮೂಲೆಯ ಮ್ಯಾಪೇ ಇಲ್ಲ. ದಾರಿ ತೋರಿಸುವುದು ಗಾಳಿ. ಹುಲ್ಲು ಯಾವ ಕಡೆ ಬಾಗುತ್ತದೋ ಆ ಕಡೆ ಹೋಗಬೇಕು. ಅಂದರೆ ಹುಲ್ಲು ನೋಡದೆ ಬೇರೆ ದಾರಿಯೇ ಇಲ್ಲ!

ಇನ್ನು ಗೆಳೆಯರ ಮಾತು. ಬಾಗಿಲು ತೆಗೆದರೆ ಬೆಟ್ಟ ಇದೆ ನಿಜ, ನೋಡುವವರು ಎಷ್ಟು ಜನ? ತೋಟದ ಮನೆಯಲ್ಲಿ ಬೆಳೆದ ನಮಗೆ ಕಾಫಿ ಹೂ ಅರಳಿಸುವ ಹೂಮಳೆ ಬಂತಾ, ಕುಯಿಲಿಗೆ ಆಳು ಸಿಕ್ಕಿದರಾ ಅನ್ನುವುದೇ ಚಿಂತೆ. ಹೋದ ಡಿಸೆಂಬರ್‌ನಲ್ಲಿ ಮಡಿಕೇರಿ ಹತ್ತಿರದ ಮಾಂದಲಪಟ್ಟಿ ಬೆಟ್ಟಕ್ಕೆ ಹೋಗಿದ್ದೆ. ಹತ್ತಿರದ ಗುಡ್ಡ ಕಡು ಹಸಿರು, ಅದರ ಹಿಂದಿನದು ನೀಲಿ, ಅದರಾಚೆಯದು ಇನ್ನೂ ತಿಳಿ, ಕೊನೆಯದು ಆಕಾಶದಲ್ಲೇ ಕರಗಿದ ಹಾಗೆ. ನಡುವಿನ ಗಾಳಿ ಬೆಳಕನ್ನು ಚದುರಿಸುವುದರಿಂದ ಹಾಗಾಗುತ್ತದೆ. ಗೇಮ್ ಮಾಡುವವರೂ ದೂರ ತೋರಿಸಲು ಇದನ್ನೇ ಬಳಸುತ್ತಾರೆ, ನನಗೆ ಅದು ಮೊದಲು ಕಣ್ಣಿಗೆ ಬಿದ್ದದ್ದು ಸ್ಕ್ರೀನ್ ಮೇಲೆ. ಮುಂದಿನ ಸಲ ಆ ಗೆಳೆಯರನ್ನೂ ಕರೆದುಕೊಂಡು ಮೇಲೆ ಹೋಗಿ, ಎಷ್ಟು ನೀಲಿ ಕಾಣುತ್ತದೆ ಅಂತ ಎಣಿಸಲು ಹೇಳಿ.

ಪ್ರಶ್ನೆ: ಅಂಗಡಿ ಮುಚ್ಚಿ ಮನೆಗೆ ಬರುವಾಗ ರಾತ್ರಿ ಒಂಬತ್ತು. ಆಡಲು ಅರ್ಧ ಗಂಟೆ ಸಿಕ್ಕರೆ ಜಾಸ್ತಿ. ಇಂಥ ದೊಡ್ಡ ಗೇಮ್ ನನಗೆ ಆಗುತ್ತದಾ?
– ಓದುಗರು, ವಿರಾಜಪೇಟೆ

ಉತ್ತರ: ಆಗುತ್ತದೆ. ಮನೆಯಲ್ಲಿ ನಿಂಟೆಂಡೊ ಸ್ವಿಚ್ ಅನ್ನುವ ಗೇಮ್ ಯಂತ್ರ ಇದ್ದರೆ 2017ರ ಜೆಲ್ಡಾ ಗೇಮ್, ಬ್ರೆತ್ ಆಫ್ ದಿ ವೈಲ್ಡ್ ಹಾಕಿ. ಅದರಲ್ಲಿ ಒಂದು ಹಗಲು, ಒಂದು ರಾತ್ರಿ ಸೇರಿ ನಮ್ಮ 24 ನಿಮಿಷ. ನಿಮ್ಮ ಅರ್ಧ ಗಂಟೆಯಲ್ಲಿ ಬೆಳಗಿನಿಂದ ಬೆಳಗಿನ ತನಕ ಒಂದು ದಿನ ಪೂರ್ತಿ ಸಿಕ್ಕಿತು ಅಲ್ವಾ. ಯಾವ ಕೆಲಸವನ್ನೂ ಹಚ್ಚಿಕೊಳ್ಳಬೇಡಿ, ಕಣ್ಣಿಗೆ ಬಿದ್ದ ಒಂದು ಗುಡ್ಡ ಹತ್ತಿ. ಮಳೆ ಬಂದರೆ ಮಾತ್ರ ಬಂಡೆ ಜಾರುತ್ತದೆ, ಹತ್ತಲು ಹಟ ಮಾಡಬೇಡಿ. ನೀರು ಬೀಳದ ಮರೆ ಹುಡುಕಿ, ಅಲ್ಲಿ ಸೌದೆ ಇಟ್ಟು ಬೆಂಕಿ ಹಾಕಿ, ಮಳೆ ನಿಲ್ಲುವ ತನಕ ಕೂತಿರಿ. ಹೆಡ್‌ಫೋನ್ ಹಾಕಿಕೊಂಡರೆ ಇನ್ನೂ ಚೆನ್ನ.