ಇಂಗ್ಲಿಷ್ ಕಲಿಯೋಕೆ ಅಮೆರಿಕದ ಚರಿತ್ರೆ ಯಾಕೆ?

ನಿಮ್ಮ ನಾಲ್ಕು ಪುಟದ ಪತ್ರವನ್ನು ಎರಡು ಸಲ ಓದಿದೆ ತಂಗಿ. ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕುವುದಿಲ್ಲ. ಉಳಿದ ಓದುಗರಿಗಾಗಿ ವಿಷಯವನ್ನು ಮಾತ್ರ ಹೇಳಿಬಿಡುತ್ತೇನೆ. ಡಿಗ್ರಿಯವರೆಗೂ ನೀವು ಕನ್ನಡ ಮಾಧ್ಯಮದಲ್ಲೇ ಓದಿದವರು. ಬಿ.ಎ.ಯಲ್ಲಿ ನಿಮ್ಮ ಇಷ್ಟದ ವಿಷಯ ಇತಿಹಾಸ. ಮೂರು ತಿಂಗಳು ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಹೋದಿರಿ. ‘ಹೌ ಆರ್ ಯು, ಐ ಆ್ಯಮ್ ಫೈನ್’ ಬಾಯಿಪಾಠ ಆಯಿತೇ ಹೊರತು ಬೇರೇನೂ ಬರಲಿಲ್ಲ. ಈಗ ಚಿಕ್ಕಪ್ಪನ ಮಗ ನಿಮ್ಮ ಫೋನಿಗೆ ಒಂದಷ್ಟು ಆಡಿಯೊ ಹಾಕಿಕೊಟ್ಟಿದ್ದಾನೆ. ಎಲ್ಲವೂ ಅಮೆರಿಕದ ಚರಿತ್ರೆ, ನಿಧಾನವಾದ ಇಂಗ್ಲಿಷಿನಲ್ಲಿ. ‘ಇಂಗ್ಲಿಷ್ ಬೇಕು ಅಂದ್ರೆ ಅವರ ದೇಶದ ಕಥೆ ಯಾಕೆ ಕೇಳಬೇಕು ಸಾರ್? ನಮ್ಮ ಚರಿತ್ರೆ ಇಲ್ವಾ? ಇದರಿಂದ ಮಾತಾಡೋಕೆ ಬರುತ್ತಾ?’ ಎಂದು ಕೇಳಿದ್ದೀರಿ.

ಕೇಳಿ. ಖಂಡಿತ ಕೇಳಿ.

ಅದು ಯಾವ ಆಡಿಯೊ ಅಂತ ಪತ್ರ ಓದುತ್ತಲೇ ಗೊತ್ತಾಯಿತು. ‘ವಾಯ್ಸ್ ಆಫ್ ಅಮೆರಿಕ’ ರೇಡಿಯೊ 1959ರ ಅಕ್ಟೋಬರಿನಲ್ಲಿ ‘ಸ್ಪೆಷಲ್ ಇಂಗ್ಲಿಷ್’ ಎಂಬ ಪ್ರಸಾರ ಶುರು ಮಾಡಿತು. ಅದಕ್ಕೆ ಇಟ್ಟುಕೊಂಡದ್ದು ಸುಮಾರು 1,500 ಪದ. ಚಿಕ್ಕ ಚಿಕ್ಕ ವಾಕ್ಯ. ಮಾಮೂಲಿ ವೇಗದ ಮೂರರಲ್ಲಿ ಎರಡು ಪಾಲು ವೇಗದಲ್ಲಿ ಓದುತ್ತಿದ್ದರು. ಅದರಲ್ಲಿ ವಾರಕ್ಕೊಮ್ಮೆ ಅವರ ದೇಶದ ಚರಿತ್ರೆ ಬರುತ್ತಿತ್ತು, ‘ದ ಮೇಕಿಂಗ್ ಆಫ್ ಎ ನೇಶನ್’ ಅಂತ. ಪಿಯುಸಿ ಓದುವಾಗ ನಾನೂ ಅದನ್ನು ಶಾರ್ಟ್‌ವೇವ್‌ನಲ್ಲಿ ಹಿಡಿಯುತ್ತಿದ್ದೆ. ಗೊರಗೊರ ಸದ್ದಿನ ಮಧ್ಯೆ ದನಿ ಬರುತ್ತಿತ್ತು, ಹೋಗುತ್ತಿತ್ತು. ಅರ್ಧಕ್ಕರ್ಧ ತಿಳಿಯುತ್ತಿರಲಿಲ್ಲ. ಆದರೆ ಯುದ್ಧದಲ್ಲಿ ಗೆದ್ದವರು ಯಾರು ಅಂತ ಗೊತ್ತಾಗಬೇಕಲ್ಲ? ಮುಂದಿನ ವಾರ ಮತ್ತೆ ರೇಡಿಯೊ ಮುಂದೆ ಕೂರುತ್ತಿದ್ದೆ. ‘ಹೌ ಆರ್ ಯು’ ಪಾಠದಲ್ಲಿ ಈ ‘ಮುಂದೇನಾಯ್ತು’ ಅನ್ನೋದೇ ಇಲ್ಲ. ಅದಕ್ಕೇ ಅದು ಮನಸ್ಸಿಗೆ ಹತ್ತುವುದಿಲ್ಲ.

ಕ್ರಿಯಾಪದಗಳ ಕಷ್ಟ ಹೇಳಿಕೊಂಡಿದ್ದೀರಿ. ‘ಬೈ–ಬಾಟ್, ಸೆಲ್–ಸೋಲ್ಡ್’ ಪಟ್ಟಿ ಎಷ್ಟು ಓದಿದರೂ ಮರೆತುಹೋಗುತ್ತದೆ ಅಂತ. ಪಟ್ಟಿ ಪಕ್ಕಕ್ಕಿಡಿ, 1803ಕ್ಕೆ ಬನ್ನಿ. ನೆಪೋಲಿಯನ್‌ಗೆ ಯುದ್ಧದ ಖರ್ಚಿಗೆ ದುಡ್ಡು ಬೇಕಿತ್ತು. ಲೂಸಿಯಾನ ಅನ್ನುವ ಭಾರೀ ನೆಲವನ್ನು ಅವನು ಅಮೆರಿಕಕ್ಕೆ ‘ಸೋಲ್ಡ್’. ಅಧ್ಯಕ್ಷ ಜೆಫರ್ಸನ್ ‘ಬಾಟ್’. ಅಮೆರಿಕ 1.5 ಕೋಟಿ ಡಾಲರ್ ‘ಪೇಯ್ಡ್’. ದೇಶ ಹೆಚ್ಚುಕಡಿಮೆ ಎರಡರಷ್ಟಾಯಿತು. ಆ ನೆಲದಲ್ಲಿ ಏನೇನಿದೆ ನೋಡಿ ಬನ್ನಿ ಅಂತ ಜೆಫರ್ಸನ್ ಲೂಯಿಸ್ ಮತ್ತು ಕ್ಲಾರ್ಕ್ ಎಂಬಿಬ್ಬರನ್ನು ‘ಸೆಂಟ್’. ಒಂದೇ ಕಥೆಯಲ್ಲಿ ನಾಲ್ಕು ಪದ. ಚರಿತ್ರೆಯೆಂದರೆ ಆಗಿಹೋದದ್ದು, ಹಾಗಾಗಿ ಭೂತಕಾಲ ತಾನಾಗಿಯೇ ಸಾವಿರ ಸಲ ಕಿವಿಗೆ ಬೀಳುತ್ತದೆ.

ಕರ್ಮಣಿ ಪ್ರಯೋಗವೂ ಹಾಗೇ. ನಾವು ‘ಲಿಂಕನ್‌ಗೆ ಗುಂಡು ಹೊಡೆದರು’ ಅನ್ನುತ್ತೇವೆ. ‘ಹೊಡೆಯಲ್ಪಟ್ಟರು’ ಅಂತ ವ್ಯಾಕರಣದ ಪುಸ್ತಕ ಬಿಟ್ಟರೆ ಯಾರ ಬಾಯಲ್ಲೂ ಬರುವುದಿಲ್ಲ. ಇಂಗ್ಲಿಷಿನಲ್ಲಿ ಅದು ದಿನಬಳಕೆಯ ಮಾತು. 1860ರಲ್ಲಿ ಲಿಂಕನ್ ‘ವಾಸ್ ಎಲೆಕ್ಟೆಡ್’, 1865ರ ಏಪ್ರಿಲ್ 14ರಂದು ‘ವಾಸ್ ಶಾಟ್’. ಆ ಮನುಷ್ಯನ ಕಥೆ ಗೊತ್ತಿದ್ದರೆ ಈ ಎರಡನ್ನೂ ಮರೆಯೋದು ಕಷ್ಟ.

ಈಗ ನನಗೆ ತುಂಬ ಪ್ರೀತಿಯ ಜಾಗಕ್ಕೆ ಬರುತ್ತೇನೆ. 1863ರ ನವೆಂಬರ್ 19. ಗೆಟಿಸ್‌ಬರ್ಗ್ ಎಂಬ ಊರು. ಜುಲೈ ತಿಂಗಳಲ್ಲಿ ಅಲ್ಲಿ ಮೂರು ದಿನ ಯುದ್ಧ ನಡೆದು ಸಾವಿರಾರು ಸೈನಿಕರು ಸತ್ತಿದ್ದರು. ಅವರನ್ನು ಮಣ್ಣು ಮಾಡಿದ ಜಾಗದಲ್ಲಿ ಸಭೆ. ಎಡ್ವರ್ಡ್ ಎವರೆಟ್ ಎಂಬ ಹೆಸರಾಂತ ಭಾಷಣಕಾರರು ಎರಡು ಗಂಟೆ ಮಾತಾಡಿದರು. ಆಮೇಲೆ ಲಿಂಕನ್ ಎದ್ದು ಬರೀ 270 ಪದಗಳಷ್ಟು ಮಾತಾಡಿ ಕೂತರು. ಆ ಮಾತಿನ ಕೊನೆಯಲ್ಲಿ ಬರುವುದೇ ‘ಆಫ್ ದ ಪೀಪಲ್, ಬೈ ದ ಪೀಪಲ್, ಫಾರ್ ದ ಪೀಪಲ್’. ಕನ್ನಡದಲ್ಲಿ ಹೇಳಿ ನೋಡಿ: ಜನರ, ಜನರಿಂದ, ಜನರಿಗಾಗಿ. ನಮ್ಮಲ್ಲಿ ಆ ತುಂಡು ಪದದ ಬಾಲಕ್ಕೆ ಅಂಟಿಕೊಂಡಿರುತ್ತದೆ. ಅವರಲ್ಲಿ ಬಿಡಿಯಾಗಿ, ಪದಕ್ಕಿಂತ ಮೊದಲೇ ಬಂದು ನಿಲ್ಲುತ್ತದೆ. ‘ಆಫ್’, ‘ಬೈ’, ‘ಫಾರ್’ ಯಾವಾಗ ಯಾವುದು ಅಂತ ತಲೆ ಕೆಡಿಸಿಕೊಳ್ಳುತ್ತೀರಲ್ಲ, ಈ ಒಂದು ಸಾಲು ನಾಲಗೆ ಮೇಲಿದ್ದರೆ ಸಾಕು, ಅನುಮಾನ ಬಂದಾಗಲೆಲ್ಲ ಅದಕ್ಕೆ ಹೋಲಿಸಿ ನೋಡಬಹುದು.

ಅದೇ ಭಾಷಣ ಶುರುವಾಗುವುದು ‘ಫೋರ್ ಸ್ಕೋರ್ ಆ್ಯಂಡ್ ಸೆವೆನ್ ಇಯರ್ಸ್ ಅಗೋ’ ಅಂತ. ಇಲ್ಲಿ ಸ್ಕೋರ್ ಎಂದರೆ ಕ್ರಿಕೆಟ್ಟಿನ ಸ್ಕೋರ್ ಅಲ್ಲ, ಇಪ್ಪತ್ತು. ನಾಲ್ಕು ಇಪ್ಪತ್ತು ಎಂಬತ್ತು, ಮೇಲೆ ಏಳು. 1863ರಿಂದ 87 ಕಳೆಯಿರಿ, 1776 ಬರುತ್ತದೆ, ಅವರು ಸ್ವಾತಂತ್ರ್ಯ ಸಾರಿದ ವರ್ಷ. ನೂರು ವರ್ಷ ಆದಮೇಲೆ, 1963ರಲ್ಲಿ, ಮಾರ್ಟಿನ್ ಲೂಥರ್ ಕಿಂಗ್ ಲಿಂಕನ್ ಸ್ಮಾರಕದ ಮುಂದೆ ನಿಂತು ಮಾತಿನ ಶುರುವಿನಲ್ಲೇ ‘ಫೈವ್ ಸ್ಕೋರ್ ಇಯರ್ಸ್ ಅಗೋ’ ಅಂದರು. ಲಿಂಕನ್ ಭಾಷಣ ಕೇಳಿದವರಿಗೆ ಮೈ ಜುಂ ಅನ್ನುತ್ತದೆ. ಡಿಕ್ಷನರಿಯಲ್ಲಿ ಹುಡುಕಿದವರಿಗೆ ಅದು ಸುಮ್ನೆ ನೂರು ಅಷ್ಟೇ.

ನಮ್ಮ ಚರಿತ್ರೆ ಇಲ್ವಾ ಅಂದಿರಿ. ಇದೆ, ಅದನ್ನೂ ಇಂಗ್ಲಿಷಿನಲ್ಲಿ ಓದಿ. ಗೊತ್ತಿರುವ ಕಥೆಯಾದ್ದರಿಂದ ಗೊತ್ತಿಲ್ಲದ ಪದಗಳೂ ಅರ್ಥವಾಗುತ್ತಾ ಹೋಗುತ್ತವೆ. ಆದರೆ ಎರಡೂ ಒಂದಕ್ಕೊಂದು ದೂರ ಅಂದುಕೊಳ್ಳಬೇಡಿ. 1781ರ ಅಕ್ಟೋಬರಿನಲ್ಲಿ ಯಾರ್ಕ್‌ಟೌನಿನಲ್ಲಿ ಅಮೆರಿಕದ ಮತ್ತು ಫ್ರೆಂಚರ ಸೈನ್ಯಕ್ಕೆ ಶರಣಾದ ಬ್ರಿಟಿಷ್ ಸೇನಾಪತಿ ಯಾರು? ಕಾರ್ನ್‌ವಾಲಿಸ್. 1786ರಲ್ಲಿ ಗವರ್ನರ್ ಜನರಲ್ ಆಗಿ ಇಲ್ಲಿಗೆ ಬಂದವನು, 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಕರೆದುಕೊಂಡು ಹೋದವನು, ಅವನೇ. ಸೀಜ್, ಸರೆಂಡರ್, ಟ್ರೀಟಿ, ಹಾಸ್ಟೇಜ್. ಶ್ರೀರಂಗಪಟ್ಟಣದ ಕಥೆಯಲ್ಲಿ ಈ ಪದಗಳನ್ನು ಕಲಿತರೆ ಯಾರ್ಕ್‌ಟೌನಿನಲ್ಲಿ ಸೀಜ್, ಸರೆಂಡರ್ ಮತ್ತೆ ಸಿಗುತ್ತವೆ.

ಒಂದು ಎಚ್ಚರ ಮಾತ್ರ ಇರಲಿ. ಆ ‘ವಾಯ್ಸ್ ಆಫ್ ಅಮೆರಿಕ’ ಅಮೆರಿಕ ಸರ್ಕಾರದ ದುಡ್ಡಿನಲ್ಲಿ ನಡೆದ ರೇಡಿಯೊ. ನೀವು ಇತಿಹಾಸ ಓದಿದವರು, ಯಾರು ಹೇಳುತ್ತಿದ್ದಾರೆ ಅಂತ ಕೇಳಿಕೊಳ್ಳುವುದು ನಿಮಗೆ ಗೊತ್ತು. 1830ರ ಕಾನೂನಿನ ಹೆಸರು ‘ಇಂಡಿಯನ್ ರಿಮೂವಲ್ ಆ್ಯಕ್ಟ್’. ಇಲ್ಲಿ ಇಂಡಿಯನ್ ಅಂದರೆ ನಾವಲ್ಲ, ಅಮೆರಿಕದ ಮೂಲನಿವಾಸಿಗಳು. ರಿಮೂವಲ್ ಅಂದರೆ ತೆಗೆಯುವುದು, ಕಲೆ ತೆಗೆದ ಹಾಗೆ. ಅವರಲ್ಲೊಂದು ಬುಡಕಟ್ಟಾದ ಚೆರೋಕಿ ಜನರನ್ನು ಮನೆಮಠ ಬಿಡಿಸಿ ಸೈನಿಕರ ಕಾವಲಿನಲ್ಲಿ ಪಶ್ಚಿಮಕ್ಕೆ ಅಟ್ಟಿದರು, ದಾರಿಯಲ್ಲಿ ಸಾವಿರಾರು ಮಂದಿ ಸತ್ತರು. ಇಷ್ಟನ್ನೆಲ್ಲ ಆ ತಣ್ಣನೆಯ ಪದ ಮುಚ್ಚಿಹಾಕಿದೆ. ಇಂಥದ್ದು ಕಾಣಿಸತೊಡಗಿತೆಂದರೆ ನಿಮ್ಮ ಇಂಗ್ಲಿಷ್ ಗಟ್ಟಿಯಾಗುತ್ತಿದೆ ಅಂತಲೇ ತಿಳಿಯಿರಿ.

ಪತ್ರದ ಕೊನೆಯಲ್ಲಿ ‘ಇಷ್ಟು ವಯಸ್ಸಾದ ಮೇಲೆ ಎಬಿಸಿಡಿ ತಿದ್ದೋಕೆ ನಾಚಿಕೆ ಆಗುತ್ತೆ’ ಅಂತ ಬರೆದಿದ್ದೀರಿ. ಅದನ್ನು ಓದಿ ನೋವಾಯಿತು. ಫ್ರೆಡರಿಕ್ ಡಗ್ಲಸ್ ಅವರ ಕಥೆ ಕೇಳಿ. ಗುಲಾಮರಾಗಿ ಹುಟ್ಟಿದವರು. ಬಾಲ್ಟಿಮೋರ್ ಊರಲ್ಲಿ ಮನೆಯ ಯಜಮಾನಿ ಅಕ್ಷರ ಹೇಳಿಕೊಡಲು ಶುರು ಮಾಡಿದಳು, ಅವಳ ಗಂಡ ತಡೆದ. ಹುಡುಗ ಬಿಡಲಿಲ್ಲ. ಮನೆಯ ಬ್ರೆಡ್ಡನ್ನು ಬೀದಿಯ ಬಡ ಬಿಳಿಯ ಹುಡುಗರಿಗೆ ಕೊಟ್ಟು, ಬದಲಿಗೆ ಅವರಿಂದ ಓದು ಕಲಿತ. ಬರೆಯುವುದನ್ನು ಕಲಿತದ್ದು ಹಡಗು ಕಟ್ಟುವ ಜಾಗದಲ್ಲಿ. ಬಡಗಿಗಳು ಮರದ ತುಂಡು ಕೆತ್ತಿ, ಹಡಗಿನ ಎಡಭಾಗಕ್ಕೆ (ಲಾರ್ಬೋರ್ಡ್) ಹೋಗುವುದರ ಮೇಲೆ ‘ಎಲ್’, ಬಲಭಾಗದ್ದಕ್ಕೆ (ಸ್ಟಾರ್‌ಬೋರ್ಡ್) ‘ಎಸ್’ ಅಂತ ಬರೆಯುತ್ತಿದ್ದರು. ಹುಡುಗ ಅದನ್ನು ನೋಡಿ ತಿದ್ದಿದ. ಆಮೇಲೆ ಬರೆಯಲು ಬರುವ ಹುಡುಗರು ಸಿಕ್ಕರೆ ‘ನಿನ್ನಷ್ಟೇ ಚೆನ್ನಾಗಿ ನಾನೂ ಬರೀತೀನಿ’ ಎಂದು ಪಂಥ ಕಟ್ಟುತ್ತಿದ್ದ. ಅವರು ಗೆಲ್ಲೋಕೆ ಅಂತ ಬರೆದ ಹೊಸ ಅಕ್ಷರ ಇವನಿಗೆ ಪಾಠ. ಬೇಲಿ, ಗೋಡೆ, ಕಲ್ಲುಹಾಸು ಇವನ ಕಾಪಿ ಪುಸ್ತಕ, ಸೀಮೆಸುಣ್ಣವೇ ಪೆನ್ನು. 1838ರಲ್ಲಿ ತಪ್ಪಿಸಿಕೊಂಡು ಹೋದರು, 1845ರಲ್ಲಿ ತಮ್ಮ ಜೀವನವನ್ನು ತಾವೇ ಬರೆದು ಅಚ್ಚು ಹಾಕಿಸಿದರು. ಆ ಪುಸ್ತಕ ದೊಡ್ಡದಲ್ಲ. ಆರು ತಿಂಗಳಾದ ಮೇಲೆ ನೀವೇ ಓದುತ್ತೀರಿ.

ಇನ್ನು ಮಾತಿನ ವಿಷಯ. ಬರೀ ಕೇಳಿದರೆ ಮಾತು ಬರುವುದಿಲ್ಲ, ಇದನ್ನು ನೇರವಾಗಿ ಹೇಳಿಬಿಡುತ್ತೇನೆ. ಕೇಳಿದ ಕಥೆಯನ್ನು ಅವತ್ತೇ ಯಾರಿಗಾದರೂ ಇಂಗ್ಲಿಷಿನಲ್ಲಿ ಹೇಳಬೇಕು. ಆ ಚಿಕ್ಕಪ್ಪನ ಮಗನನ್ನೇ ಕೂರಿಸಿಕೊಳ್ಳಿ, ಆಡಿಯೊ ಕೊಟ್ಟವನು ಅವನೇ ತಾನೆ. ಒಂದು ಕಂತು, ಐದೇ ವಾಕ್ಯ. ಮೊದಲ ಸಲ ಆಡಿಯೊದ ಮಾತುಗಳ ಬರಹ ನೋಡದೆ ಕೇಳಿ, ಎರಡನೇ ಸಲ ನೋಡಿಕೊಂಡು ಕೇಳಿ, ಆಮೇಲೆ ಎರಡನ್ನೂ ಮುಚ್ಚಿಟ್ಟು ಹೇಳಿ. ತಡವರಿಸಿದರೆ ತಡವರಿಸಲಿ. ಕಥೆ ಹೇಳುವಾಗ ಏನು ಹೇಳಬೇಕು ಅನ್ನೋದು ಮೊದಲೇ ಗೊತ್ತಿರುತ್ತದೆ, ಹೇಗೆ ಅನ್ನೋದನ್ನು ಮಾತ್ರ ಹುಡುಕಿದರಾಯಿತು.

ಕಾರ್ನ್‌ವಾಲಿಸ್‌ನಿಂದಲೇ ಶುರು ಮಾಡಿ. ಯಾರ್ಕ್‌ಟೌನ್ ಕಂತು ಕೇಳಿ, ಹತ್ತು ವಾಕ್ಯ ಇಂಗ್ಲಿಷಿನಲ್ಲಿ ಬರೆದು ನನ್ನ ಹೆಸರಿಗೆ ಕಳಿಸಿ. ತಿದ್ದಿ ವಾಪಸ್ ಕಳಿಸುತ್ತೇನೆ.