ಗೋಕರ್ಣದಲ್ಲಿ ಇಬ್ಬರೇ ನಾಲ್ಕು ದಿನ ಇದ್ದರೆ ಬೋರ್ ಆಗುತ್ತಾ?

ಮಕ್ಕಳನ್ನು ಅಜ್ಜಿ ಮನೆಯಲ್ಲಿ ಬಿಟ್ಟು ಗಂಡ ಹೆಂಡತಿ ಇಬ್ಬರೇ ಡಿಸೆಂಬರ್‌ನಲ್ಲಿ ಹೊರಡಬೇಕು, ಸಮುದ್ರ ಬೇಕು, ಗೋವಾದ ಗದ್ದಲ ಬೇಡ, ಗೋಕರ್ಣ ಅಷ್ಟು ಚಿಕ್ಕ ಊರು, ನಾಲ್ಕು ದಿನ ಅಲ್ಲಿ ಏನು ಮಾಡೋದು ಅಂತ ಕೇಳಿದ್ದೀರಿ.

ಬೋರ್ ಆಗಲ್ಲ. ಆದರೆ ಯೂಟ್ಯೂಬ್ ನೋಡಿ ಮಾಡಿಕೊಂಡ ಪಟ್ಟಿಯನ್ನು ಬೆಂಗಳೂರಲ್ಲೇ ಬಿಟ್ಟು ಹೋಗಿ. ಐದು ಬೀಚು, ಯಾಣ, ವಿಭೂತಿ ಫಾಲ್ಸ್, ಮುರುಡೇಶ್ವರ, ಸಾಧ್ಯವಾದರೆ ಜೋಗ ಅಂತ ಹೊರಟವರು ಸಮುದ್ರಕ್ಕಿಂತ ಜಾಸ್ತಿ ಹೆದ್ದಾರಿ 66 ಅನ್ನೇ ನೋಡಿ ಬರುತ್ತಾರೆ. ನಮ್ಮವರೂ ಈ ಜಾತಿಯವರೇ. ರೂಮಿನಲ್ಲಿ ಬ್ಯಾಗ್ ಇಟ್ಟ ಕೂಡಲೇ "ಈಗ ಎಲ್ಲಿಗೆ?" ಅನ್ನುತ್ತಾರೆ. "ರೀ, ಎಲ್ಲಿಗೂ ಇಲ್ಲ, ಸುಮ್ನೆ ಕೂತ್ಕೊಳ್ಳಿ" ಅಂತ ಹೇಳಿ ಹೇಳಿ ಅಭ್ಯಾಸ ಮಾಡಿಸಿದ್ದೇನೆ. ಎರಡನೇ ದಿನದ ಹೊತ್ತಿಗೆ ಸರಿಹೋಗುತ್ತಾರೆ.

ನನ್ನ ತವರು ಕುಮಟಾ. ಗೋಕರ್ಣಕ್ಕೆ ಅಲ್ಲಿಂದ ಮುಕ್ಕಾಲು ಗಂಟೆ ದಾರಿ. ಹಾಗಾಗಿ ಈ ಊರನ್ನು ದೇವಸ್ಥಾನಕ್ಕೆ ಬರುವ ಮಗಳಾಗಿಯೂ ನೋಡಿದ್ದೇನೆ, ಗಂಡನ ಜೊತೆ ರಜೆಗೆ ಬರುವವಳಾಗಿಯೂ ನೋಡಿದ್ದೇನೆ. (ಮನೆ ಇದ್ದೂ ದುಡ್ಡು ಕೊಟ್ಟು ರೂಮಿನಲ್ಲಿ ಇರುತ್ತೀರಲ್ಲ ಅಂತ ಅಮ್ಮನಿಗೆ ಇವತ್ತಿಗೂ ಸಿಟ್ಟು. ಅವಳಿಗೆ ಅರ್ಥ ಮಾಡಿಸುವ ಕೆಲಸ ಕೈಬಿಟ್ಟಿದ್ದೇನೆ.)

ಮೊದಲು ದಿನ ಸರಿಯಾಗಿ ಆರಿಸಿ. ಡಿಸೆಂಬರ್ ಒಳ್ಳೆಯ ತಿಂಗಳು, ಮಳೆ ಇಲ್ಲ, ಸೆಕೆ ಕಡಿಮೆ, ರಾತ್ರಿ ಗಾಳಿ ಹಿತವಾಗಿರುತ್ತದೆ. ಆದರೆ ಕ್ರಿಸ್‌ಮಸ್‌ನಿಂದ ಹೊಸ ವರ್ಷದ ತನಕದ ವಾರ ಬೇಡವೇ ಬೇಡ. ಶನಿವಾರ, ಭಾನುವಾರವೂ ಬೇಡ. ಆಗ ಬೆಂಗಳೂರು, ಹುಬ್ಬಳ್ಳಿಯಿಂದ ಬರುವವರೆಲ್ಲ ಬಂದು ಓಂ ಬೀಚಿನ ಮೇಲಿನ ರಸ್ತೆಯಲ್ಲಿ ಕಾರು ತಿರುಗಿಸಲೂ ಜಾಗ ಇರಲ್ಲ. ಭಾನುವಾರ ರಾತ್ರಿ ಹೊರಟು ಶುಕ್ರವಾರ ಬೆಳಿಗ್ಗೆ ಮನೆ ಸೇರುವ ಹಾಗೆ ರಜೆ ಹಾಕಿ. ಊರೇ ಬೇರೆ ಥರ ಕಾಣುತ್ತದೆ. ಬೆಂಗಳೂರಿನಿಂದ ಸುಮಾರು 480 ಕಿ.ಮೀ. ಇದೆ. ಸ್ಲೀಪರ್ ಬಸ್ಸು ಊರಿನ ತನಕ ಬರುತ್ತದೆ. ರೈಲೇ ಇಷ್ಟ ಅಂದರೆ ಕಾರವಾರಕ್ಕೆ ಹೋಗುವ ಪಂಚಗಂಗಾ ಎಕ್ಸ್‌ಪ್ರೆಸ್ ಇದೆ, ಗೋಕರ್ಣ ರೋಡ್ ಸ್ಟೇಷನ್‌ನಲ್ಲಿ ಇಳಿಯಬೇಕು. ಸ್ಟೇಷನ್ ಊರಿನಿಂದ ಸುಮಾರು 10 ಕಿ.ಮೀ. ದೂರ. ಆಟೋದವರ ಜೊತೆ ಹತ್ತುವ ಮೊದಲೇ ರೇಟು ಮಾತಾಡಿಕೊಳ್ಳಿ.

ಎಲ್ಲಿ ಉಳಿಯೋದು ಅನ್ನೋದು ನಾಲ್ಕು ದಿನವನ್ನೂ ತೀರ್ಮಾನ ಮಾಡುತ್ತದೆ. ನನ್ನ ಓಟು ಕುಡ್ಲೆ ಬೀಚಿಗೆ. ಪೇಟೆಯಲ್ಲಿ ರೂಂ ಸೋವಿ, ಆದರೆ ಬೀಚು ಬೇಕಾದಾಗೆಲ್ಲ ಚಪ್ಪಲಿ ಹಾಕಿಕೊಂಡು ಹೊರಡಬೇಕು. ಓಂ ಬೀಚು ನೋಡಲು ಚೆಂದ, ಹಗಲಿಡೀ ಜನ ಬಂದು ಹೋಗುತ್ತಲೇ ಇರುತ್ತಾರೆ. ಕುಡ್ಲೆಯ ಮರಳಿನ ತನಕ ಗಾಡಿ ಹೋಗಲ್ಲ. ಮೇಲೆ ಇಳಿದು ನಡೆದುಕೊಂಡು ಹೋಗಬೇಕು. ಇಷ್ಟೇ ಕಷ್ಟಕ್ಕೆ ಅರ್ಧ ಜನ ಕಡಿಮೆಯಾಗುತ್ತಾರೆ. ಚಕ್ರದ ಸೂಟ್‌ಕೇಸ್ ಬೇಡ, ಹೆಗಲಿಗೆ ಹಾಕುವ ಬ್ಯಾಗ್ ತನ್ನಿ. ಎಸಿ ರೂಮಿಗಿಂತ ಮುಂದೆ ಕೂರಲು ಜಗಲಿ ಇರುವ ರೂಂ ಕೇಳಿ, ಹೆಚ್ಚು ಹೊತ್ತು ಇರೋದು ಅಲ್ಲೇ. ಡಿಸೆಂಬರ್‌ನಲ್ಲಿ ಫ್ಯಾನ್ ಸಾಕು.

ಬೆಳಿಗ್ಗೆ ಬೇಗ ಏಳಿ. ರಜೆಯಲ್ಲೂ ಬೇಗ ಏಳೋದಾ ಅಂತ ಬೈಕೋಬೇಡಿ, ಮಧ್ಯಾಹ್ನ ಬೇಕಾದಷ್ಟು ನಿದ್ದೆ ಇದೆ. ನೀರು ಇಳಿದಿರುವ ಹೊತ್ತು ಸಿಕ್ಕಿದರೆ ಒದ್ದೆ ಮರಳಿನ ಮೇಲೆ ಬಗ್ಗಿ ನೋಡಿ. ಉಗುರಿನಷ್ಟು ಚಿಕ್ಕ ಏಡಿಗಳು ತೂತಿನಿಂದ ಹೊರಬಂದು ಮರಳನ್ನು ಬಾಯಿಗಿಟ್ಟು, ತಿನ್ನುವಂಥದ್ದನ್ನು ಸೋಸಿಕೊಂಡು, ಉಳಿದಿದ್ದನ್ನು ಉಂಡೆ ಮಾಡಿ ಹಿಂದಕ್ಕೆ ತಳ್ಳುತ್ತವೆ. ಒಂದೊಂದು ತೂತಿನ ಸುತ್ತ ಸಾಸಿವೆ ಚೆಲ್ಲಿದ ಹಾಗೆ ಉಂಡೆಗಳು. ಕಾಲಿನ ಸಪ್ಪಳಕ್ಕೆ ಎಲ್ಲ ಒಟ್ಟಿಗೆ ಮಾಯ. ಅಲುಗಾಡದೆ ಎರಡು ನಿಮಿಷ ನಿಂತರೆ ಒಂದೊಂದಾಗಿ ಮತ್ತೆ ಬರುತ್ತವೆ. ನಮ್ಮವರು ಮೊಬೈಲ್ ಜೇಬಿಗೆ ಹಾಕಿ ಇಷ್ಟು ಹೊತ್ತು ನೋಡಿದ್ದು ಬೇರೆ ಯಾವುದನ್ನೂ ಇಲ್ಲ. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಇವತ್ತು ಆರಕ್ಕೆ ಅಂದರೆ ನಾಳೆ ಏಳರ ಹತ್ತಿರ.

ಹನ್ನೊಂದರಿಂದ ನಾಲ್ಕರ ತನಕ ಬಿಸಿಲಿಗೆ ಹೋಗಬೇಡಿ. ಊಟ, ನಿದ್ದೆ, ಪುಸ್ತಕ, ಇಸ್ಪೀಟು. ನಾಲ್ಕರ ಮೇಲೆ ನೀರಿಗಿಳಿಯಿರಿ. ಕುಡ್ಲೆ ನೇರ ಪಶ್ಚಿಮಕ್ಕೆ ಮುಖ ಮಾಡಿದೆ, ಆರು ಗಂಟೆ ದಾಟುತ್ತಿದ್ದಂತೆ ಸೂರ್ಯ ಮುಳುಗುತ್ತಾನೆ, ಅದಕ್ಕೆ ಎಲ್ಲಿಗೂ ಹೋಗಬೇಕಾಗಿಲ್ಲ.

ನೀರಿನ ವಿಷಯ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಲೈಫ್‌ಗಾರ್ಡ್ ಸೀಟಿ ಊದಿದರೆ ಹೊರಗೆ ಬನ್ನಿ, ವಾದ ಬೇಡ. ಸೆಳೆತಕ್ಕೆ ಸಿಕ್ಕರೆ ದಡದ ಕಡೆಗೇ ಈಜಲು ಹೋಗಿ ಸುಸ್ತಾಗುತ್ತಾರೆ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಸೆಳೆತ ತಪ್ಪಿದ ಮೇಲೆ ದಡಕ್ಕೆ ಬನ್ನಿ. ಓಂ ಬೀಚಿನ ಕಪ್ಪು ಬಂಡೆಗಳು ಪಾಚಿ ಹಿಡಿದು ಜಾರುತ್ತವೆ. ಫೋಟೋಗಾಗಿ ಅಲ್ಲಿ ತುದಿಗೆ ಹೋಗಿ ಜೀವ ಕಳೆದುಕೊಂಡವರಿದ್ದಾರೆ. ಜೂನ್‌ನಿಂದ ಸೆಪ್ಟೆಂಬರ್ ತನಕವಂತೂ ಸಮುದ್ರಕ್ಕೆ ಇಳಿಯೋ ಮಾತೇ ಇಲ್ಲ.

ಒಂದು ಬೆಳಿಗ್ಗೆ ಓಂ ಬೀಚಿಗೆ ನಡೆದು ಹೋಗಿ. ಕುಡ್ಲೆಯ ದಕ್ಷಿಣದ ತುದಿಯಿಂದ ಗುಡ್ಡ ಹತ್ತಿದರೆ ಕೆಂಪು ಚಿರೇಕಲ್ಲಿನ ಬಯಲು, ಅರ್ಧ ಗಂಟೆಯ ದಾರಿ. ಮೇಲಿನಿಂದ ನೋಡಿದಾಗಲೇ ಎರಡು ಬಾಗು ಸೇರಿ 'ಓಂ' ಆಗಿರೋದು ತಿಳಿಯುತ್ತದೆ, ಕೆಳಗೆ ನಿಂತರೆ ಏನೂ ಗೊತ್ತಾಗಲ್ಲ. ಅಲ್ಲಿಂದ ಮುಂದೆ ಹಾಫ್ ಮೂನ್, ಪ್ಯಾರಡೈಸ್ ತನಕ ಕಾಲುದಾರಿ ಇದೆ. ಪ್ಯಾರಡೈಸ್ ಬಗ್ಗೆ ಹೆಸರು ಕೇಳಿ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. ಹಾಫ್ ಮೂನ್‌ನಲ್ಲೇ ಕೂತು ವಾಪಸ್ ಬಂದರೂ ನಷ್ಟವಿಲ್ಲ. ಕಾಲು ನೋವಾದರೆ ಓಂ ಬೀಚಿನಿಂದ ದೋಣಿ ಸಿಗುತ್ತದೆ, ಚೌಕಾಸಿ ಮಾಡಿ.

ಇನ್ನೊಂದು ಬೆಳಿಗ್ಗೆ ಪೇಟೆಗೆ. ಮಹಾಬಲೇಶ್ವರನ ದರ್ಶನ ಬೇಕಿದ್ದರೆ ಬೇಗ ಹೋಗಿ. ಗಂಡಸರು ಅಂಗಿ ತೆಗೆದು ಪಂಚೆಯಲ್ಲಿ ಹೋಗಬೇಕು, ಪಂಚೆ ಮನೆಯಿಂದಲೇ ತನ್ನಿ. ಮೊದಲು ಪಕ್ಕದ ಮಹಾಗಣಪತಿಗೆ ಕೈಮುಗಿದು ಆಮೇಲೆ ಒಳಗೆ ಹೋಗೋದು ಇಲ್ಲಿನ ರೂಢಿ. ರಾವಣ ತಂದ ಆತ್ಮಲಿಂಗವನ್ನು ಇಲ್ಲಿ ನೆಲಕ್ಕೆ ಇಳಿಸಿದ್ದು ಗಣಪತಿಯೇ ತಾನೇ. ಹೊರಗೆ ಬಂದರೆ ರಥಬೀದಿಯ ಬದಿಯಲ್ಲಿ ಹಾಲಕ್ಕಿ ಒಕ್ಕಲಿಗ ಹೆಂಗಸರು ಕತ್ತಿನ ತುಂಬ ಮಣಿಸರ ಹಾಕಿಕೊಂಡು ಬಸಳೆ, ಹರಿವೆ, ಮೊಗೆಕಾಯಿ, ಹೂವು ಇಟ್ಟುಕೊಂಡು ಕೂತಿರುತ್ತಾರೆ. ಕೇಳದೆ ಫೋಟೋ ಹೊಡೀಬೇಡಿ. ಒಂದು ಮೊಳ ಹೂ ತಗೊಂಡು ಮಾತಾಡಿಸಿ, ಎಲ್ಲಿಂದ ಬಂದಿರಿ ಅಂತ ಅವರೇ ಕೇಳುತ್ತಾರೆ.

ತಿಂಡಿಯೂ ಪೇಟೆಯಲ್ಲೇ ಆಗಲಿ: ಬನ್ಸ್, ಭಾಜಿ, ಆಮೇಲೆ ಒಂದು ಚಹಾ. ಬೀಚಿನ ಶ್ಯಾಕ್‌ಗಳಲ್ಲಿ (ಗುಡಿಸಲು ಹೋಟೆಲುಗಳಲ್ಲಿ) ಹಮ್ಮಸ್, ಪ್ಯಾನ್‌ಕೇಕ್, ಪಾಸ್ತಾ ಎಲ್ಲ ಸಿಗುತ್ತದೆ. ವಿದೇಶಿಯರಿಗಾಗಿ ಶುರುವಾದ ಮೆನು, ಈಗ ನಮ್ಮ ಜನರೂ ಅದನ್ನೇ ತಿನ್ನುತ್ತಾರೆ. ಒಂದು ಹೊತ್ತಿಗೆ ಪರವಾಗಿಲ್ಲ. ಮೀನು ತಿನ್ನುವವರಾದರೆ ಮಧ್ಯಾಹ್ನ ಪೇಟೆಯ ಸಣ್ಣ ಖಾನಾವಳಿಯಲ್ಲಿ ಮೀನೂಟ ಮಾಡಿ. "ಇವತ್ತು ಏನು ಬಂದಿದೆ?" ಅಂತ ಮೊದಲು ಕೇಳಿ. ಬಂಗಡೆ ತಾಜಾ ಇದ್ದರೆ ಬಂಗಡೆಯೇ ಸಾಕು, ದುಬಾರಿ ಇಸ್ವಾಣ ಮೀನಿನ ಹಿಂದೆ ಹೋಗಬೇಡಿ. ಬಳಚು ಸುಕ್ಕ ಇದೆ ಅಂದರೆ ಬಿಡಲೇಬೇಡಿ. ಪಕ್ಕದ ಅಘನಾಶಿನಿ ನದಿ ಸಮುದ್ರ ಸೇರುವಲ್ಲಿ ಜನ ಸೊಂಟದ ತನಕ ನೀರಿನಲ್ಲಿ ನಿಂತು ಹೆಕ್ಕುವ ಚಿಪ್ಪು ಅದು. ಸಸ್ಯಾಹಾರಿಗಳಾದರೆ ತಂಬುಳಿ, ಅಪ್ಪೆಹುಳಿ ಎಲ್ಲಿ ಸಿಗುತ್ತದೆ ಅಂತ ರೂಮಿನವರನ್ನೇ ಕೇಳಿ.

ಕೊನೆಯ ದಿನ ಒಂದು ತೊಂದರೆ ಇದೆ. ರೂಂ ಬೆಳಿಗ್ಗೆಯೇ ಖಾಲಿ ಮಾಡಬೇಕು, ಬಸ್ಸು ಸಂಜೆ ಮೇಲೆ. ಬ್ಯಾಗುಗಳನ್ನು ರೂಮಿನವರ ಹತ್ತಿರವೇ ಬಿಟ್ಟು ಆಟೋದಲ್ಲಿ ತದಡಿಗೆ ಹೋಗಿ. ಮೀನುಗಾರಿಕೆ ಬಂದರು, ವಾಸನೆ ಇರುತ್ತದೆ, ಮೂಗು ಮುರಿಯುವವರಿಗಲ್ಲ. ಅಲ್ಲಿಂದ ನದಿ ದಾಟಿ ಅಘನಾಶಿನಿ ಊರಿಗೆ ದೋಣಿ ಹೋಗುತ್ತದೆ. ಊರಿನವರು, ಅವರ ಬೈಕು, ಮೀನಿನ ಬುಟ್ಟಿ ಎಲ್ಲದರ ನಡುವೆ ನೀವೂ ಹತ್ತಿ. ಆ ದಡದಲ್ಲಿ ಒಂದು ಚಹಾ ಕುಡಿದು ಅದೇ ದೋಣಿಯಲ್ಲಿ ವಾಪಸ್ ಬನ್ನಿ. ಕೊನೆಯ ದೋಣಿ ಎಷ್ಟು ಹೊತ್ತಿಗೆ ಅಂತ ಹೋಗುವಾಗಲೇ ಕೇಳಿಕೊಂಡಿರಿ, ಅದು ತಪ್ಪಿದರೆ ಕುಮಟಾ ಸುತ್ತಿಕೊಂಡು ಬರಬೇಕಾಗುತ್ತದೆ.